ಹುಣಸೆಬೀಜ, ಶೇಂಗಾ, ಕಾರ್ನರ್ ಪಾಯಿಂಟ್: ಲೀನಿಯರ್ ಪ್ರೋಗ್ರಾಮಿಂಗ್ ಟಿಪ್ಪಣಿ

ಲೀನಿಯರ್ ಪ್ರೋಗ್ರಾಮಿಂಗ್ ಅಂದರೆ ಇದ್ದಷ್ಟು ಸಾಮಾನಿನಲ್ಲಿ ಅತಿ ಹೆಚ್ಚು ಲಾಭ ಹುಡುಕುವಂಥ ಲೆಕ್ಕ. ದ್ವಿತೀಯ ಪಿಯುಸಿಯಲ್ಲಿ ಈ ಪಾಠದ ಲೆಕ್ಕಗಳನ್ನೆಲ್ಲ ಸರಿಯಾಗಿಯೇ ಬಿಡಿಸಿದ್ದೆ. ಗೆರೆ ಎಳೆ, ಫೀಸಿಬಲ್ ರೀಜನ್‌ಗೆ (ಎಲ್ಲ ಮಿತಿಗಳೊಳಗೆ ಬರುವ ಜಾಗಕ್ಕೆ) ಶೇಡ್ ಕೊಡು, ಅದರ ಪ್ರತಿ ಮೂಲೆಗೂ (ಕಾರ್ನರ್ ಪಾಯಿಂಟಿಗೂ) ಝಡ್ ಬೆಲೆ, ಅಂದರೆ ಲಾಭ, ತೆಗೆ, ದೊಡ್ಡದನ್ನು ಬರೆ. ಈಗ ಬಿ.ಎಡ್ ಪಾಠಯೋಜನೆ ಬರೆಯುತ್ತಿದ್ದಾಗ ಬಾಗಲಕೋಟೆಯ ವಿದ್ಯಾಗಿರಿಯ ನಮ್ಮ ರೂಮಿನಲ್ಲಿ ಗೆಳತಿ ಕೇಳಿದಳು: "ಉತ್ತರ ಮೂಲ್ಯಾಗ ಯಾಕ ಬರ್ತದ? ನಡುವ ಯಾಕ ಬರಂಗಿಲ್ಲ?" ನನಗೆ ಹೇಳಲು ಬರಲಿಲ್ಲ. ಎರಡು ದಿನ ತಾಟಿನ ಮೇಲೆ ಕಾಳು ಸರಿಸಿದ ಮೇಲೆ ತಿಳಿಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಸಾಮಾನು: 12 ಹುಣಸೆಬೀಜ, 12 ಶೇಂಗಾಕಾಳು. ಹುಣಸೆಬೀಜವನ್ನು ಬೆಲ್ಲ ಎಂದುಕೊಳ್ಳಿ. ಶೇಂಗಾ ಹೋಳಿಗೆಯ ಒಂದು ಪೊಟ್ಟಣಕ್ಕೆ 2 ಬೀಜ, 1 ಕಾಳು. ಲಾಭ 40 ರೂಪಾಯಿ. ಶೇಂಗಾ ಉಂಡಿಯ ಪೊಟ್ಟಣಕ್ಕೆ 1 ಬೀಜ, 2 ಕಾಳು, ಲಾಭ 30. (ಇದು ಆಟದ ಅಳತೆ, ಅಡುಗೆಯದಲ್ಲ.) ಉಂಡಿ ಎಕ್ಸ್, ಹೋಳಿಗೆ ವೈ ಆದರೆ ಬೆಲ್ಲಕ್ಕೆ ಎಕ್ಸ್ + 2ವೈ ≤ 12, ಶೇಂಗಾಕ್ಕೆ 2ಎಕ್ಸ್ + ವೈ ≤ 12.

ಹೋಳಿಗೆಗೆ ಲಾಭ ಹೆಚ್ಚು ಎಂದು ಮೊದಲು ಬರೀ ಹೋಳಿಗೆ ಮಾಡಿದೆವು. 6 ಪೊಟ್ಟಣ, 240 ರೂಪಾಯಿ. ಬೀಜ ಖಾಲಿ, ಕಾಳು ಮಾತ್ರ 6 ಉಳಿದವು.

ಇಲ್ಲಿಂದ ನಿಧಾನವಾಗಿ ನೋಡಿ. ಒಂದು ಹೋಳಿಗೆ ಬಿಚ್ಚಿ. ಕೈಗೆ 2 ಬೀಜ, 1 ಕಾಳು ಬಂತು. ಉಳಿದದ್ದು ಸೇರಿ ಕಾಳು 7. ಎರಡು ಉಂಡಿ ಕಟ್ಟಿ: 2 ಬೀಜ, 4 ಕಾಳು ಹೋದವು. 40 ಕಳೆದು 60 ಬಂತು, ಅಂದರೆ 20 ಹೆಚ್ಚು. ಈಗ 2 ಉಂಡಿ, 5 ಹೋಳಿಗೆ, 260. ಮತ್ತೊಂದು ಬಿಚ್ಚಿದರೆ ಮತ್ತೆ ಅದೇ 20. ಈಗ 4 ಉಂಡಿ, 4 ಹೋಳಿಗೆ, 280. ತಾಟಿನಲ್ಲಿ ಬೀಜವೂ ಇಲ್ಲ, ಕಾಳೂ ಇಲ್ಲ.

ಮೂರನೆಯದನ್ನು ಬಿಚ್ಚಿದೆವು. 2 ಬೀಜ, ಒಂದೇ ಕಾಳು. ಒಂದು ಉಂಡಿಗೂ ಸಾಲದು! ಒಂದು ಉಂಡಿ ಬೇಕೆಂದರೆ ಇನ್ನೊಂದು ಹೋಳಿಗೆಯನ್ನೂ ಬಿಚ್ಚಬೇಕು: 80 ಕೊಟ್ಟು 30 ತಂದಂತೆ.

ನನಗೆ ಸಿಕ್ಕ ಉತ್ತರ ಇದೇ. ಗ್ರಾಫಿನಲ್ಲಿ ನಾವು ನಡೆದದ್ದು (0, 6), (2, 5), (4, 4), ಒಂದೇ ಅಂಚಿನ ಮೇಲೆ. ಆ ಅಂಚಿನುದ್ದಕ್ಕೂ ಅದಲುಬದಲಿನ ದರ ಒಂದೇ: ಒಂದು ಹೋಳಿಗೆಗೆ ಎರಡು ಉಂಡಿ. ಮೊದಲ ಹೆಜ್ಜೆಯಲ್ಲಿ ಲಾಭ ಬಂದರೆ ಎರಡನೆಯದರಲ್ಲೂ ಬರಲೇಬೇಕು, ಆದ್ದರಿಂದ ನಡುವೆ ನಿಲ್ಲಲು ಕಾರಣವೇ ಇಲ್ಲ. ದರ ಬದಲಾಗುವುದು ಮೂಲೆಯಲ್ಲಿ ಮಾತ್ರ. ರೀಜನ್ನಿನ ಒಳಗಿನ ಬಿಂದುವಿನಲ್ಲಂತೂ ಬೀಜ, ಕಾಳು ಎರಡೂ ಉಳಿದಿರುತ್ತವೆ, ಇನ್ನಷ್ಟು ಕಟ್ಟಬಹುದು.

ಇಂಥ ಲೆಕ್ಕ ಬಿಡಿಸಲು ಗಣಿತಜ್ಞ ಜಾರ್ಜ್ ಡಾಂಟ್ಜಿಗ್ 1947ರಲ್ಲಿ ರೂಪಿಸಿದ ಸಿಂಪ್ಲೆಕ್ಸ್ ವಿಧಾನದ ನಡಿಗೆಯೂ ಇದೇ: ಲಾಭ ಏರುವ ಕಡೆಗೆ, ಮೂಲೆಯಿಂದ ಪಕ್ಕದ ಮೂಲೆಗೆ.

ಹೋಳಿಗೆಯ ಲಾಭವನ್ನು 60 ಮಾಡಿ ನೋಡಿ. 60 ಕೊಟ್ಟು 60 ತಂದಂತೆ. ಮೂರೂ ಬಿಂದುಗಳಲ್ಲಿ 360. ಪುಸ್ತಕದಲ್ಲಿ "ಅನೇಕ ಪರಿಹಾರಗಳು" ಎಂದು ಬರುವುದು ಇದೇ ಸಂದರ್ಭ. 80 ಮಾಡಿದರೆ ಮೊದಲ ಹೆಜ್ಜೆಯಲ್ಲೇ ನಷ್ಟ, (0, 6) ಬಿಟ್ಟು ಅಲ್ಲಾಡಬಾರದು.

ನೀವೇ ಹೊಸ ಲೆಕ್ಕ ಹೊಂದಿಸುವುದಾದರೆ ಮೂಲೆಯನ್ನು ಮೊದಲು ಆರಿಸಿ, ಬೀಜ ಆಮೇಲೆ ಎಣಿಸಿ: (4, 4) ಬೇಕೆಂದರೆ 4 + 8 = 12. ಇಲ್ಲದಿದ್ದರೆ ಮೂಲೆ ಭಿನ್ನರಾಶಿಯಲ್ಲಿ ಬಿದ್ದು ಅರ್ಧ ಪೊಟ್ಟಣ ಕಟ್ಟಬೇಕಾಗುತ್ತದೆ. ಶೇಂಗಾ ಹಸಿಯದೇ ಇರಲಿ. ಹುರಿದದ್ದಾದರೆ ಪಿರಿಯಡ್ ಮುಗಿಯುವಷ್ಟರಲ್ಲಿ 12 ಉಳಿಯುವುದಿಲ್ಲ.