285 ಟನ್ ಎಳೆದ ಕಾರಿಗೆ ಮೂರೂವರೆ ಟನ್ನಿನ ಮಿತಿ ಏಕೆ?

2017ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನ ಚಾರ್ಲ್ಸ್ ಡಿ ಗಾಲ್ ವಿಮಾನ ನಿಲ್ದಾಣದಲ್ಲಿ ಒಂದು ಪೋರ್ಷೆ ಕಯೆನ್ ಕಾರನ್ನು ಏರ್‌ಬಸ್ ಎ380 ವಿಮಾನಕ್ಕೆ ಕಟ್ಟಿದರು. ಎರಡು ಮಹಡಿಯ ಆ ವಿಮಾನದ ತೂಕ 285 ಟನ್. ಸ್ಟಿಯರಿಂಗ್ ಹಿಡಿದಿದ್ದವರು ಪೋರ್ಷೆಯ ಬ್ರಿಟನ್ ಶಾಖೆಯ ತಂತ್ರಜ್ಞ ರಿಚರ್ಡ್ ಪೇನ್. ಕಾರು ಮೆಲ್ಲಗೆ ಮುಂದೆ ಹೋಯಿತು, ವಿಮಾನ ಅದರ ಹಿಂದೆ ಬಂತು. 42 ಮೀಟರ್ ಎಳೆದ ಮೇಲೆ ನಿಲ್ಲಿಸಿದರು. ಗಿನ್ನೆಸ್ ದಾಖಲೆಯಾಯಿತು.

ಈಗ ಅದೇ ಕಾರಿನ ಕೈಪಿಡಿ ತೆಗೆದು ನೋಡಿ. ಹಿಂದೆ ಕಟ್ಟಬಹುದಾದ ಟ್ರೈಲರ್‌ನ ಗರಿಷ್ಠ ತೂಕ 3.5 ಟನ್. ಅಂದರೆ ವಿಮಾನದ ಎಂಬತ್ತನೇ ಒಂದು ಭಾಗ! ಇದನ್ನು ಮೊದಲ ಸಲ ಓದಿದಾಗ ಕಂಪನಿಯವರು ಸುಮ್ನೆ ಹೆದರಿ ಕಡಿಮೆ ಬರೆದಿದ್ದಾರೆ ಅಂತ ಅನ್ನಿಸುತ್ತದೆ. ಲೆಕ್ಕ ಹಾಕುತ್ತಾ ಹೋದರೆ ಎರಡು ಸಂಖ್ಯೆಗಳೂ ಸರಿಯೇ ಅಂತ ಗೊತ್ತಾಗುತ್ತದೆ. ಎರಡೂ ಬೇರೆ ಬೇರೆ ಪ್ರಶ್ನೆಗೆ ಕೊಟ್ಟ ಉತ್ತರಗಳು.

ಮೊದಲು ವಿಮಾನದ ಲೆಕ್ಕ. ಕಾರಿನ ತೂಕ ಸುಮಾರು 2.2 ಟನ್. ಒಣ ಕಾಂಕ್ರೀಟ್ ಮೇಲೆ ಒಳ್ಳೆಯ ಟೈರು ಹೆಚ್ಚೆಂದರೆ ತನ್ನ ಮೇಲೆ ಕೂತ ತೂಕದಷ್ಟು ಬಲದಿಂದ ನೆಲವನ್ನು ಹಿಡಿದು ತಳ್ಳಬಲ್ಲದು. ಅಂದರೆ ಈ ಕಾರು ಕೊಡಬಹುದಾದ ಎಳೆತ ಎರಡು ಟನ್ನಿನ ಆಸುಪಾಸು, ಅಷ್ಟೇ. ಎಂಜಿನ್ ಇನ್ನೂ ಹತ್ತು ಪಟ್ಟು ದೊಡ್ಡದಿದ್ದರೂ ಅಷ್ಟೇ. ಅದಕ್ಕಿಂತ ಜಾಸ್ತಿ ಬಲ ಬಂದರೆ ಚಕ್ರ ಜಾರಿ ಸುತ್ತುತ್ತದೆ. ಇಷ್ಟು ಎಳೆತಕ್ಕೆ 285 ಟನ್ ಕದಲಿತು ಅಂದರೆ, ಸಮತಟ್ಟು ನೆಲದಲ್ಲಿ ವಿಮಾನದ ಗಟ್ಟಿ ಟೈರುಗಳು ಒಡ್ಡಿದ ತಡೆ ಅದರ ತೂಕದ ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ. ನನ್ನ ಪ್ರಕಾರ ಈ ದಾಖಲೆಯ ನಿಜವಾದ ಬೆರಗು ಚಕ್ರದ್ದು. ಸಾವಿರಾರು ವರ್ಷ ಹಳೆಯ ಆ ಉಪಾಯ ಎಷ್ಟು ಒಳ್ಳೆಯದು ಅನ್ನುವುದನ್ನು ಅದು ತೋರಿಸಿಕೊಟ್ಟಿತು.

ಇದಕ್ಕೆ ಇನ್ನೊಂದು ಸಾಕ್ಷಿ ಇದೆ. 2006ರಲ್ಲಿ ಇಂಗ್ಲೆಂಡಿನ ಡನ್ಸ್‌ಫೋಲ್ಡ್ ಎಂಬಲ್ಲಿ ಫೋಕ್ಸ್‌ವ್ಯಾಗನ್ ಟುವಾರೆಗ್ ಕಾರು 155 ಟನ್ ತೂಕದ ಬೋಯಿಂಗ್ 747 ವಿಮಾನವನ್ನು ಎಳೆಯಿತು. ಟುವಾರೆಗ್ ಮತ್ತು ಕಯೆನ್ ಒಂದೇ ಬುಡದಿಂದ ಬಂದ ಕಾರುಗಳು. ಆ ದಿನ ಟುವಾರೆಗ್ ಒಳಗೆ ನಾಲ್ಕು ಟನ್ನಿಗೂ ಹೆಚ್ಚು ತೂಕ ಹೇರಿದ್ದರು. ಎಳೆಯುವ ಗಾಡಿಯ ಮೇಲೆ ಭಾರ ಹಾಕುವುದೇ? ಹೌದು. ಭಾರ ಹಾಕಿದಷ್ಟೂ ಟೈರು ನೆಲವನ್ನು ಗಟ್ಟಿಯಾಗಿ ಹಿಡಿಯುತ್ತದೆ. ನಮ್ಮ ರೈತರು ಉಳುಮೆಗೆ ಮುಂಚೆ ಟ್ರಾಕ್ಟರಿನ ದೊಡ್ಡ ಟೈರಿಗೆ ನೀರು ತುಂಬಿಸುವುದು ಇದೇ ಕಾರಣಕ್ಕೆ.

ಇನ್ನು ಮೂರೂವರೆ ಟನ್ನಿನ ಮಾತು. ಟ್ರೈಲರ್ ಎಳೆಯುವವರು ಸಮತಟ್ಟು ಕಾಂಕ್ರೀಟಿನಲ್ಲಿ 42 ಮೀಟರ್ ಹೋಗಿ ನಿಲ್ಲುವುದಿಲ್ಲ. ಜರ್ಮನಿ, ಇಂಗ್ಲೆಂಡ್ ಕಡೆ ಇಂಥ ಕಾರುಗಳ ಹಿಂದೆ ದೋಣಿ ಇರುತ್ತದೆ, ಮಲಗುವ ಮನೆಯಂಥ ಕ್ಯಾರವಾನ್ ಇರುತ್ತದೆ, ಇಲ್ಲವೇ ಎರಡು ಕುದುರೆ ನಿಂತ ಪೆಟ್ಟಿಗೆ ಇರುತ್ತದೆ. ಬೆಟ್ಟ ಹತ್ತಬೇಕು, ಟ್ರಾಫಿಕ್ಕಿನಲ್ಲಿ ನಿಂತು ಮತ್ತೆ ಹೊರಡಬೇಕು, ಇಳಿಯಬೇಕು, ಹೆದ್ದಾರಿಯಲ್ಲಿ ಓಡಬೇಕು. ಯುರೋಪಿನ ನಿಯಮ ಕೇಳುವುದೂ ಇದನ್ನೇ. ಪೂರ್ತಿ ಭಾರ ಹೊತ್ತ ಕಾರು ಮತ್ತು ಟ್ರೈಲರ್ ನೂರು ಮೀಟರಿಗೆ ಹನ್ನೆರಡು ಮೀಟರ್ ಏರುವ ರಸ್ತೆಯಲ್ಲಿ, ಐದು ನಿಮಿಷದೊಳಗೆ ಐದು ಸಲ ನಿಂತ ಜಾಗದಿಂದ ಹೊರಡಬೇಕು.

ಎರಡೂ ಸೇರಿ ಆರು ಟನ್ ಅಂತ ಇಟ್ಟುಕೊಳ್ಳಿ. ಆ ಏರಿನಲ್ಲಿ ಹಿಂದಕ್ಕೆ ಜಗ್ಗುವ ಬಲ ಸುಮಾರು 720 ಕಿಲೋ. ವಿಮಾನ ಎಳೆದ ಕಾರಿಗೆ ಇದೇನು ಮಹಾ, ಅಲ್ವಾ? ಬಲದ ಮಟ್ಟಿಗೆ ಮಹಾ ಅಲ್ಲ. ಕಷ್ಟ ಇರುವುದು ಬಿಸಿಯಲ್ಲಿ. ಹೊರಡುವ ಆ ಕೆಲವು ಸೆಕೆಂಡು ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಚಕ್ರ ಇನ್ನೂ ತೆವಳುತ್ತಿರುತ್ತದೆ. ನಡುವಿನ ವ್ಯತ್ಯಾಸವೆಲ್ಲ ಕ್ಲಚ್ಚಿನಲ್ಲಿ, ಆಟೊಮ್ಯಾಟಿಕ್ ಗಾಡಿಯಾದರೆ ಗೇರ್‌ಬಾಕ್ಸಿನ ಎಣ್ಣೆಯಲ್ಲಿ, ಬಿಸಿಯಾಗಿ ಇಳಿಯುತ್ತದೆ. ಅದು ಆರುವ ಮೊದಲೇ ಇನ್ನೊಂದು ಸಲ. ಆಮೇಲೆ ಮತ್ತೊಂದು ಸಲ.

ಅಮೆರಿಕದವರ ಪರೀಕ್ಷೆ ಇನ್ನೊಂದು ಬಗೆಯದು. ಅರಿಜೋನಾದ ಮರುಭೂಮಿಯಲ್ಲಿ ಡೇವಿಸ್ ಅಣೆಕಟ್ಟಿನ ಹತ್ತಿರದಿಂದ ಮೇಲೇರುವ 18 ಕಿಲೋಮೀಟರಿನಷ್ಟು ಉದ್ದದ ಹೆದ್ದಾರಿ ಇದೆ. ಸುಮಾರು 38 ಡಿಗ್ರಿ ಬಿಸಿಲಿನಲ್ಲಿ, ಏಸಿ ಪೂರ್ತಿ ಹಾಕಿಕೊಂಡು, ವೇಗ ಗಂಟೆಗೆ 64 ಕಿಲೋಮೀಟರಿಗಿಂತ ಕೆಳಗಿಳಿಯದ ಹಾಗೆ ಹತ್ತಬೇಕು. ಅದಕ್ಕೆ ಬೇಕಾಗುವ ಶಕ್ತಿ ನೂರೈವತ್ತು ಅಶ್ವಶಕ್ತಿಯ ಸುತ್ತಮುತ್ತ. ಐನೂರು ಅಶ್ವಶಕ್ತಿಯ ಕಾರಿಗೆ ಅದು ಮೂರನೇ ಒಂದು ಪಾಲೂ ಆಗಲಿಲ್ಲ. ಆದರೆ ಎಂಜಿನ್ ಸುಡುವ ಇಂಧನದಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಚಕ್ರ ತಿರುಗಿಸುತ್ತದೆ. ಉಳಿದದ್ದೆಲ್ಲ ಬಿಸಿ. ಅದರಲ್ಲಿ ರೇಡಿಯೇಟರಿನ ಪಾಲಿಗೆ ಬಂದದ್ದನ್ನು ಅದು ಹತ್ತಿರ ಹತ್ತಿರ ಇಪ್ಪತ್ತು ನಿಮಿಷ ಬಿಡುವಿಲ್ಲದೆ ಹೊರಗೆ ಹಾಕುತ್ತಿರಬೇಕು. ರೇಸಿನ ವೇಗಕ್ಕೆ ಕಟ್ಟಿದ ಕಾರು ಎಳೆಯುವ ಕೆಲಸದಲ್ಲಿ ಗೆಲ್ಲುವುದು ಇಲ್ಲಿ. ಜೋರಾಗಿ ಓಡಲೆಂದು ಅದಕ್ಕೆ ಕೊಟ್ಟ ದೊಡ್ಡ ರೇಡಿಯೇಟರ್, ಎಣ್ಣೆಯ ಕೂಲರ್, ಅಗಲದ ಬ್ರೇಕ್ ಡಿಸ್ಕುಗಳೇ ನಿಧಾನದ ಭಾರಿ ಕೆಲಸಕ್ಕೂ ಒದಗುತ್ತವೆ.

ಇಳಿಯುವಾಗಿನ ಬಿಸಿ ಇನ್ನೂ ಅಪಾಯದ್ದು. ಆಸ್ಟ್ರಿಯಾದ ಗ್ರಾಸ್‌ಗ್ಲಾಕ್ನರ್ ಬೆಟ್ಟದ ರಸ್ತೆ 2,504 ಮೀಟರ್ ಎತ್ತರ ಮುಟ್ಟುತ್ತದೆ. ಅಲ್ಲಿಂದ ಆರು ಟನ್ ಗಾಡಿ ಒಂದು ಸಾವಿರ ಮೀಟರ್ ಕೆಳಗೆ ಇಳಿದರೆ ಎಷ್ಟು ಶಕ್ತಿ ಬಿಡುಗಡೆ ಆಗುತ್ತದೆ ಗೊತ್ತೇ? ಮನೆಗೆ ತರಿಸುವ ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ಇದೆಯಲ್ಲ, ಅಂಥ ಒಂಬತ್ತು ಕ್ಯಾನ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು. ಗಾಳಿ ಮತ್ತು ಟೈರಿನ ತಡೆ ಒಂದಿಷ್ಟನ್ನು ತಿನ್ನುತ್ತವೆ. ಉಳಿದದ್ದನ್ನು ಬ್ರೇಕಿನ ಮೇಲೇ ಬಿಟ್ಟರೆ ಬ್ರೇಕ್ ಆಯಿಲ್ ಕುದ್ದು ಗುಳ್ಳೆ ಏಳುತ್ತದೆ. ಆಗ ಪೆಡಲ್ ತುಳಿದರೆ ಗುಳ್ಳೆ ಅಮುಕಿಕೊಳ್ಳುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಅದಕ್ಕೇ ಕಡಿಮೆ ಗೇರಿನಲ್ಲಿ, ಎಂಜಿನ್ನಿನ ಹಿಡಿತದಲ್ಲಿ ಇಳಿಯಬೇಕು. ಶಿರಾಡಿ ಘಾಟಿಯ ಲಾರಿ ಚಾಲಕರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಬಿಸಿ ಬಿಟ್ಟರೆ ಇನ್ನೊಂದು ಅಪಾಯ ಟ್ರೈಲರ್ ಎಡಕ್ಕೆ ಬಲಕ್ಕೆ ಓಲಾಡುವುದು. ಆ ವಿಷಯಕ್ಕೆ ಬಂದರೆ ನನಗೆ ತಾತನ ಎತ್ತಿನ ಗಾಡಿ ನೆನಪಾಗುತ್ತದೆ. ರಾಗಿ ಮೂಟೆ ಹೇರುವಾಗ ತಾತ ಮೂಕಿಯನ್ನು ಕೈಯಲ್ಲಿ ಎತ್ತಿ ಎತ್ತಿ ನೋಡುತ್ತಿದ್ದರು. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳಿಗೆ ಹಗ್ಗ ಬಿಗಿಯುತ್ತದೆ. ಮುಂಭಾರ ಜಾಸ್ತಿಯಾದರೆ ಹೆಗಲು ಹುಣ್ಣಾಗುತ್ತದೆ. ಸ್ವಲ್ಪವೇ ಸ್ವಲ್ಪ ಮುಂಭಾರ ಇರಬೇಕು. ಕಾರಿನ ಹಿಂದಿನ ಕೊಂಡಿಗೂ ಇದೇ ಮಾತು. ಅದರ ಮೇಲೆ ಭಾರ ತೀರಾ ಕಡಿಮೆಯಾದರೆ ಟ್ರೈಲರ್ ಓಲಾಡತೊಡಗುತ್ತದೆ. ಯುರೋಪಿನಲ್ಲಿ ಮೂರೂವರೆ ಟನ್ ಟ್ರೈಲರ್ ಎಳೆಯುವ ಕಯೆನ್ನಿನ ಕೊಂಡಿಯ ಮೇಲೆ 140 ಕಿಲೋವರೆಗೆ ಭಾರ ಬಿಡಬಹುದು. ಅಮೆರಿಕದಲ್ಲಿ ಟ್ರೈಲರ್ ತೂಕದ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕೊಂಡಿಯ ಮೇಲೆ ಇರಲಿ ಅನ್ನುತ್ತಾರೆ. ಅಲ್ಲಿ ಟ್ರೈಲರ್‌ಗಳು ಓಡುವ ವೇಗವೂ ಜಾಸ್ತಿ. ಜರ್ಮನಿಯಲ್ಲಿ ಸಾಮಾನ್ಯ ಮಿತಿ ಗಂಟೆಗೆ 80 ಕಿಲೋಮೀಟರ್, ವಿಶೇಷ ಅನುಮತಿ ಇದ್ದರೆ 100.

ವೇಗಕ್ಕೂ ಇದಕ್ಕೂ ಏನು ಸಂಬಂಧ? ಟ್ರೈಲರ್ ಒಂದು ಮಲಗಿಸಿದ ಲೋಲಕದ ಹಾಗೆ. ಪಕ್ಕದಿಂದ ಲಾರಿ ಹಾದುಹೋದಾಗ ಅದು ಎಡಕ್ಕೆ ಬಲಕ್ಕೆ ಆಡುತ್ತದೆ. ನಿಧಾನ ಇದ್ದಾಗ ಆಟ ತಾನೇ ನಿಲ್ಲುತ್ತದೆ. ವೇಗ ಏರಿದಂತೆ ನಿಲ್ಲಲು ಜಾಸ್ತಿ ಹೊತ್ತು ಬೇಕು. ಒಂದು ವೇಗ ದಾಟಿದ ಮೇಲೆ ಪ್ರತಿ ಓಲಾಟವೂ ಹಿಂದಿನದ್ದಕ್ಕಿಂತ ದೊಡ್ಡದಾಗುತ್ತದೆ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಎಂಜಿನಿಯರ್‌ಗಳು ಪರೀಕ್ಷೆ ಮಾಡಿ ನೋಡಿದಾಗ, ಕೊಂಡಿಯ ಮೇಲಿನ ಭಾರದಷ್ಟೇ ಮುಖ್ಯವಾಗಿ ಕಂಡದ್ದು ಟ್ರೈಲರಿನೊಳಗೆ ತೂಕ ಎಲ್ಲಿ ಹರಡಿದೆ ಅನ್ನುವುದು. ತೂಕವೆಲ್ಲ ಅಚ್ಚಿನ ಹತ್ತಿರ ಇದ್ದರೆ ಒಳ್ಳೆಯದು. ಎರಡು ತುದಿಯಲ್ಲಿ ಇಟ್ಟರೆ, ಅದೇ ತೂಕವಾದರೂ, ಶುರುವಾದ ಓಲಾಟವನ್ನು ನಿಲ್ಲಿಸುವುದು ಕಷ್ಟ.

ಇಲ್ಲಿ ದುಬಾರಿ ಕಾರು ಚಾಲಕನನ್ನು ಸ್ವಲ್ಪ ಮೋಸ ಮಾಡುತ್ತದೆ. ಕೊಂಡಿಯ ಮೇಲೆ ಭಾರ ಬಿದ್ದು ಹಿಂಭಾಗ ಕುಸಿದಾಗ ಏರ್ ಸಸ್ಪೆನ್ಷನ್ ಅದನ್ನು ಮೇಲೆತ್ತಿ ಸಮ ಮಾಡಿಬಿಡುತ್ತದೆ. ನೋಡುವುದಕ್ಕೆ ಎಲ್ಲ ಸರಿಯಾಗಿದೆ. ಆದರೆ ಕೊಂಡಿ ಇರುವುದು ಹಿಂದಿನ ಚಕ್ರಗಳಿಗಿಂತ ಹಿಂದೆ. ಏತದ ಹಾಗೆ ಅದು ಮುಂದಿನ ಚಕ್ರಗಳ ಮೇಲಿನ ಭಾರವನ್ನು ಎತ್ತಿರುತ್ತದೆ. ನನ್ನ ಲೆಕ್ಕದಲ್ಲಿ 140 ಕಿಲೋಗೆ ಐವತ್ತು ಕಿಲೋ ಆಸುಪಾಸು. ಕಾರನ್ನು ಸಮ ಎತ್ತರಕ್ಕೆ ತಂದ ಮಾತ್ರಕ್ಕೆ ಆ ಭಾರ ವಾಪಸ್ ಬರುವುದಿಲ್ಲ. ಸ್ಟಿಯರಿಂಗ್ ತಿರುಗಿಸುವ ಚಕ್ರಗಳೇ ಹಗುರಾಗಿ ಉಳಿಯುತ್ತವೆ. ಕಣ್ಣಿಗೆ ಕಂಡದ್ದನ್ನು ನಂಬದೆ ತೂಕ ಮಾಡಿ ನೋಡಬೇಕು ಅನ್ನುವುದು ಇದಕ್ಕೇ.

ಇಷ್ಟೆಲ್ಲ ಮುಗಿಸಿ ದೋಣಿಯನ್ನು ಕೆರೆಯ ದಡಕ್ಕೆ ತಂದಿರಿ ಅನ್ನಿ. ಅಥವಾ ಕ್ಯಾರವಾನನ್ನು ಮಳೆಯಲ್ಲಿ ನೆನೆದ ಹುಲ್ಲುಗಾವಲಿಗೆ ಇಳಿಸಿದಿರಿ. ಒದ್ದೆ ಹುಲ್ಲಿನ ಮೇಲೆ ಒಣ ರಸ್ತೆಯ ಹಿಡಿತದ ಕಾಲು ಭಾಗ ಸಿಕ್ಕರೆ ಪುಣ್ಯ. ಎಳೆಯುವುದು, ಕಾಡುದಾರಿಯಲ್ಲಿ ಓಡಿಸುವುದು ಎರಡೂ ಸೇರುವ ಜಾಗ ಇದು. ಈಗ ಎಲ್ಲ ನಿಂತಿರುವುದು ಟೈರು ನೆಲಕ್ಕೆ ತಾಗುವ ನಾಲ್ಕು ತುಣುಕುಗಳ ಮೇಲೆ. 2.2 ಟನ್ ಕಾರಿನ ಒಂದೊಂದು ಚಕ್ರದ ಮೇಲೆ 550 ಕಿಲೋ. ಟೈರಿನಲ್ಲಿ 36 ಪಿಎಸ್‌ಐ ಗಾಳಿ ಇದ್ದರೆ ಒಂದೊಂದು ತುಣುಕು ಸುಮಾರು ಹದಿನೈದು ಸೆಂಟಿಮೀಟರ್ ಚೌಕ. ನಾಲ್ಕೂ ಸೇರಿದರೆ ಜೆರಾಕ್ಸ್ ಅಂಗಡಿಯ ಒಂದೂವರೆ ಹಾಳೆಯಷ್ಟೂ ಇಲ್ಲ. ಗಾಳಿಯನ್ನು 18ಕ್ಕೆ ಇಳಿಸಿ. ಆ ತುಣುಕು ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ. ಮರಳಿನಲ್ಲಿ ಚಕ್ರ ಹೂತುಕೊಳ್ಳದೆ ಮೇಲೆ ತೇಲಿದ ಹಾಗೆ ಹೋಗುತ್ತದೆ. ಖರ್ಚಿಲ್ಲದ ಈ ಕೆಲಸದಿಂದ ಆಗುವ ಉಪಕಾರ ಎಷ್ಟೋ ದುಬಾರಿ ಉಪಕರಣಗಳಿಂದ ಆಗುವುದಿಲ್ಲ. ಟಾರ್ ರಸ್ತೆಗೆ ಬಂದ ಕೂಡಲೇ ಮತ್ತೆ ತುಂಬಬೇಕು, ಅದನ್ನು ಮಾತ್ರ ಮರೆಯಬಾರದು.

ಆದರೆ ಗಾಳಿ ಇಳಿಸಲು ಟೈರಿಗೆ ಪಕ್ಕೆ, ಅಂದರೆ ರಿಮ್ಮಿಗೂ ನೆಲಕ್ಕೂ ನಡುವಿನ ರಬ್ಬರಿನ ಎತ್ತರ, ಇರಬೇಕಲ್ಲ! 2002ರಲ್ಲಿ ಬಂದ ಮೊದಲ ತಲೆಮಾರಿನ ಕಯೆನ್ ಎಸ್‌ಗೆ 18 ಇಂಚಿನ ಚಕ್ರ, ಟೈರಿನ ಪಕ್ಕೆ 14 ಸೆಂಟಿಮೀಟರ್. ಈಗಿನ ಟರ್ಬೊ ಮಾದರಿಯ 21 ಇಂಚಿನ ಹಿಂದಿನ ಚಕ್ರಕ್ಕೆ ಪಕ್ಕೆ 11 ಸೆಂಟಿಮೀಟರ್. ಆ ಮೂರು ಸೆಂಟಿಮೀಟರ್ ತಿರುವಿನಲ್ಲಿ ಚುರುಕು ಕೊಡುತ್ತದೆ, ಕಲ್ಲಿನ ದಾರಿಯಲ್ಲಿ ರಿಮ್ ಒಡೆಸುತ್ತದೆ. ಇಂಥ ಕಾರಿನಲ್ಲಿ ಕಾಡುದಾರಿ ಹಿಡಿಯುವ ಆಸೆ ಇರುವವರು ಮೊದಲು ಚಿಕ್ಕ ಚಕ್ರ ಹಾಕಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. 2007ರಲ್ಲಿ ಮಾಸ್ಕೋದಿಂದ ಮಂಗೋಲಿಯಾದ ಉಲಾನ್‌ಬಾತರ್‌ವರೆಗೆ ನಡೆದ ಟ್ರಾನ್ಸೈಬೀರಿಯಾ ರ‍್ಯಾಲಿಯಲ್ಲಿ ಮೊದಲ ಮೂರೂ ಸ್ಥಾನ ಪಡೆದ ಕಯೆನ್‌ಗಳು ಓಡಿದ್ದು 18 ಇಂಚಿನ ಚಕ್ರದ ಮೇಲೇ.

ಆ ಮೊದಲ ತಲೆಮಾರಿನ ಕಾರಿನಲ್ಲಿ ಇನ್ನೊಂದು ಒಳ್ಳೆಯ ಅಂಶ ಇತ್ತು. ಲೋ ಗೇರ್. ಮಡಿಕೇರಿ ಹತ್ತಿರದ ಮಾಂದಲಪಟ್ಟಿಗೆ ಜೀಪಿನಲ್ಲಿ ಹೋದವರಿಗೆ ಇದರ ಪರಿಚಯ ಇರುತ್ತದೆ. ಒಂದು ಸನ್ನೆ ಎಳೆದರೆ ಚಕ್ರಗಳು 2.7 ಪಟ್ಟು ನಿಧಾನ ತಿರುಗುತ್ತವೆ, ತಿರುಚುವ ಬಲ ಅಷ್ಟೇ ಪಟ್ಟು ಏರುತ್ತದೆ. ಬಲ ಹೇಗೂ ಬೇಕಾದಷ್ಟಿತ್ತು. ಬೇಕಾಗಿದ್ದದ್ದು ನಿಧಾನ. ನಡಿಗೆಗಿಂತ ಮೆಲ್ಲಗೆ, ಕ್ಲಚ್ಚು ಬ್ರೇಕು ಯಾವುದನ್ನೂ ಸುಡದೆ, ಕಲ್ಲಿನಿಂದ ಕಲ್ಲಿಗೆ ಚಕ್ರ ಇಡುವುದು. 2010ರ ಎರಡನೇ ತಲೆಮಾರಿನಲ್ಲಿ ಅದನ್ನು ತೆಗೆದುಹಾಕಿದರು. ಕಾರು ಸುಮಾರು 180 ಕಿಲೋ ಹಗುರಾಯಿತು. ಅದಕ್ಕೆ ಇದೂ ಒಂದು ಕಾರಣ. ಇಂಥ ಕಾರನ್ನು ಕೆಸರಿಗೆ ಇಳಿಸುವವರು ತೀರಾ ಕಡಿಮೆ, ಹಾಗಾಗಿ ತೆಗೆದದ್ದು ಅರ್ಥವಾಗುತ್ತದೆ. ನನಗೆ ಬೇಜಾರು ಮಾತ್ರ ಇದೆ.

ಒಂದು ಚಕ್ರ ಗಾಳಿಯಲ್ಲಿ ನೇತಾಡಿದರೆ, ಎಡ ಬಲ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಎಂಬ ಗೇರಿನ ಜೋಡಣೆ ಎರಡೂ ಕಡೆಗೆ ಒಂದೇ ಅಳತೆಯ ತಿರುಚು ಬಲ ಕಳಿಸುತ್ತದೆ. ನೇತಾಡುವ ಚಕ್ರಕ್ಕೆ ಬಲವೇ ಬೇಡ, ಹಾಗಾಗಿ ನೆಲದ ಮೇಲಿನ ಚಕ್ರಕ್ಕೂ ಏನೂ ಸಿಗುವುದಿಲ್ಲ. ಈಗಿನ ಕಾರುಗಳು ಸುತ್ತುವ ಚಕ್ರವನ್ನು ತಾವೇ ಬ್ರೇಕ್ ಹಿಡಿದು ಇನ್ನೊಂದಕ್ಕೆ ಬಲ ದಾಟಿಸುತ್ತವೆ. ಒಂದು ಹಳ್ಳ ದಾಟಲು ಸಾಕು. ಗಂಟೆಗಟ್ಟಲೆ ಮರಳಲ್ಲಿ ಓಡಿದರೆ ಮತ್ತೆ ಅದೇ ಬಿಸಿಯ ತೊಂದರೆ.

2025ರ ನವೆಂಬರಿನಲ್ಲಿ ಪೋರ್ಷೆ ಪೂರ್ತಿ ವಿದ್ಯುತ್ ಚಾಲಿತ ಕಯೆನ್ ಹೊರತಂದಿತು. ಅದರ ಟರ್ಬೊ ಮಾದರಿಯ ಗರಿಷ್ಠ ಶಕ್ತಿ 1,156 ಅಶ್ವಶಕ್ತಿ. 2002ರ ಟರ್ಬೊದ್ದು 450. ಎರಡೂವರೆ ಪಟ್ಟು ಏರಿತು. ಟ್ರೈಲರ್ ಮಿತಿ? ಈಗಲೂ 3.5 ಟನ್ನೇ. ಬದಲಾದದ್ದು ಇಳಿಜಾರಿನ ಲೆಕ್ಕ. ಇಳಿಯುವಾಗ ಮೋಟರುಗಳೇ ಡೈನಮೊ ಆಗಿ ಗಾಡಿಯನ್ನು ಹಿಡಿಯುತ್ತವೆ. ಆ ಒಂಬತ್ತು ಕ್ಯಾನ್ ನೀರು ಕುದಿಸುವ ಶಕ್ತಿ ಅಂದರೆ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಸುಮಾರು 16 ಯೂನಿಟ್. ಅದರಲ್ಲಿ ಒಳ್ಳೆಯ ಪಾಲು ಬ್ಯಾಟರಿಗೆ ವಾಪಸ್ ಹೋಗುತ್ತದೆ, ಬ್ರೇಕ್ ತಣ್ಣಗಿರುತ್ತದೆ. ಒಂದೇ ಎಚ್ಚರಿಕೆ. ಬೆಟ್ಟದ ತುದಿಯ ಹೋಟೆಲಿನಲ್ಲಿ ರಾತ್ರಿಯೆಲ್ಲ ಚಾರ್ಜಿಗೆ ಹಾಕಿ, ಬೆಳಗ್ಗೆ ಬ್ಯಾಟರಿ ತುಂಬಿಸಿಕೊಂಡು ಟ್ರೈಲರ್ ಸಮೇತ ಇಳಿಯಲು ಹೊರಟರೆ, ಆ ಶಕ್ತಿಗೆ ಹೋಗಲು ಜಾಗವೇ ಇರುವುದಿಲ್ಲ. ಎಂಜಿನ್ ಕೂಡ ಇಲ್ಲ, ಹಿಡಿದುಕೊಳ್ಳಲು. ಅಂಥ ದಿನ ಎಂಬತ್ತು ಪರ್ಸೆಂಟ್‌ಗೇ ಪ್ಲಗ್ ಕಿತ್ತಿಡುವುದು ಒಳ್ಳೆಯದು.