ಏನನ್ನೂ ಎಸೆಯದ ಮನೆತನ, ಸಾವಿನ ತೆರಿಗೆ ಮತ್ತು ಕಾಲ್ಕ್ ಅಬ್ಬೆ

ಇಂಗ್ಲೆಂಡಿನ ಹಳೇ ಜಮೀನ್ದಾರರ ಬಂಗಲೆಗಳು ಅಂದ್ರೆ ಥಳಥಳ ಹೊಳೆಯುವ ಹಾಲ್, ಚಿನ್ನದ ಚೌಕಟ್ಟಿನ ಚಿತ್ರಗಳು ನೆನಪಾಗುತ್ತವೆ, ಅಲ್ವಾ? ಡರ್ಬಿಶೈರ್‌ನ ಕಾಲ್ಕ್ ಅಬ್ಬೆ ಹಾಗಿಲ್ಲ. ಗೋಡೆಗೆ ಅಂಟಿಸಿದ ಕಾಗದ ಕಿತ್ತು ಬಂದಿದೆ. ಬಣ್ಣ ಹಕ್ಕಳೆ ಎದ್ದಿದೆ. ಕೆಲವು ಕೋಣೆಗಳಲ್ಲಿ ಹಳೇ ಸಾಮಾನು ಒಟ್ಟಿದ ಹಾಗೇ ಇದೆ. ಬೇಕಂತಲೇ ಹಾಗೆ ಬಿಟ್ಟಿದ್ದಾರೆ.

ಹಿಂದೆ ಕ್ರೈಸ್ತ ಮಠವಿದ್ದ ಈ ಜಾಗವನ್ನು ಹಾರ್ಪರ್ ಮನೆತನ ಕೊಂಡದ್ದು 1622ರಲ್ಲಿ. ಈಗಿನ ಕಟ್ಟಡ ಸರ್ ಜಾನ್ ಹಾರ್ಪರ್ 1701ರಿಂದ 1704ರ ನಡುವೆ ಕಟ್ಟಿಸಿದ್ದು. ಮನೆಯ ಸ್ವಭಾವ ಬದಲಾದದ್ದು ಏಳನೇ ಬ್ಯಾರೊನೆಟ್ (ವಂಶಪಾರಂಪರ್ಯವಾಗಿ ಬರುವ ಬಿರುದು) ಸರ್ ಹೆನ್ರಿ ಕಾಲಕ್ಕೆ. 1792ರಲ್ಲಿ ಆತ ಮನೆಗೆಲಸದ ಹೆಣ್ಣುಮಗಳನ್ನು ಮದುವೆಯಾದ. ದೊಡ್ಡವರ ಸಮಾಜ ಮುಖ ತಿರುಗಿಸಿತು. ಅವನೂ ಜನರಿಂದ ದೂರವೇ ಉಳಿದ. ಆ ದೂರ ಮುಂದಿನ ತಲೆಮಾರುಗಳಿಗೂ ಇಳಿದು ಬಂತು.

1924ರಲ್ಲಿ ತೀರಿಕೊಂಡ ಸರ್ ವಾನ್ಸಿಯಂತೂ ಹಕ್ಕಿ, ಮೊಟ್ಟೆ, ಚಿಟ್ಟೆ, ಪ್ರಾಣಿಗಳ ತಲೆ ಅಂತ ಕೂಡಿಟ್ಟು ಮನೆ ತುಂಬಾ ಗಾಜಿನ ಪೆಟ್ಟಿಗೆ ಮಾಡಿಬಿಟ್ಟ. ಎಸ್ಟೇಟಿನೊಳಗೆ ಮೋಟಾರು ಕಾರು ಬಿಡುತ್ತಿರಲಿಲ್ಲ. ಒಂದೇ ಸೂರಿನಡಿ ಇದ್ದ ಮಕ್ಕಳಿಗೂ ಆಳಿನ ಕೈಲಿ ಚೀಟಿ ಕಳಿಸುತ್ತಿದ್ದ ಅಂತ ಹೇಳುತ್ತಾರೆ. ಈ ಮನೆಗೆ ಕರೆಂಟ್ ಬಂದದ್ದೇ 1962ರಲ್ಲಿ! ಕೋಣೆ ಬೇಡವಾದರೆ ಬಾಗಿಲು ಹಾಕಿಕೊಂಡು ಪಕ್ಕದ ಕೋಣೆಗೆ ಹೋಗುವುದು, ಅಷ್ಟೇ. ಏನನ್ನೂ ಎಸೆಯುತ್ತಿರಲಿಲ್ಲ.

ಇದರಿಂದ ಆದ ಲಾಭಕ್ಕೆ ಅಲ್ಲಿನ ಮಂಚವೇ ಸಾಕ್ಷಿ. ಹದಿನೆಂಟನೇ ಶತಮಾನದ ಮೊದಲ ಭಾಗದ್ದು. ಅದರ ಪರದೆಗಳು ಚೀನಾದ ರೇಷ್ಮೆ, ಮೇಲೆಲ್ಲಾ ಕಸೂತಿ. ರಾಜನ ಮಗಳ ಮದುವೆಯಲ್ಲಿ ವಧುವಿನ ಜೊತೆಗಿದ್ದ ಈ ಮನೆಯ ಸೊಸೆಗೆ 1734ರಲ್ಲಿ ಉಡುಗೊರೆಯಾಗಿ ಸಿಕ್ಕಿದ್ದು ಅಂತ ನಂಬಿಕೆ. ಆ ಪರದೆಗಳು ಪೆಟ್ಟಿಗೆಯಲ್ಲೇ ಉಳಿದವು. ಬೆಳಕು ಬೀಳದ ಕಾರಣ ಎರಡೂವರೆ ಶತಮಾನದ ನಂತರವೂ ಬಣ್ಣ ಮಾಸಿಲ್ಲ. ಬಳಸಿದ್ದರೆ ಯಾವಾಗಲೋ ಹರಿದು ಹೋಗುತ್ತಿತ್ತು.

ಇನ್ನು ತೆರಿಗೆ. ಯಜಮಾನ ಸತ್ತರೆ ಆಸ್ತಿಯ ಮೇಲೆ ಎಸ್ಟೇಟ್ ಡ್ಯೂಟಿ ಹಾಕುವ ಪದ್ಧತಿ ಬ್ರಿಟನ್ನಿನಲ್ಲಿ ಬಂದದ್ದು 1894ರಲ್ಲಿ. ಆಗ ಗರಿಷ್ಠ ದರ ಶೇ. 8. ಎರಡನೇ ಮಹಾಯುದ್ಧದ ನಂತರ ಅದು ಶೇ. 80ಕ್ಕೆ ಏರಿತು. ಬೆಳೆಯ ಬೆಲೆ ಬಿದ್ದು ಗೇಣಿ ಆದಾಯ ಮೊದಲೇ ಕುಸಿದಿತ್ತು. ನೂರಾರು ಬಂಗಲೆಗಳನ್ನು ಕೆಡವಿದರು.

1981ರಲ್ಲಿ ಈ ಮನೆಯ ಯಜಮಾನ ಚಾರ್ಲ್ಸ್ ಹಾರ್ಪರ್-ಕ್ರೂ ತೀರಿಕೊಂಡಾಗ ಕಾಲ್ಕ್ ಸರದಿ ಬಂತು. ಅಷ್ಟೊತ್ತಿಗೆ ತೆರಿಗೆಯ ಹೆಸರು ಬದಲಾಗಿತ್ತು, ಹೊರೆ ಇಳಿದಿರಲಿಲ್ಲ. ಸುಮಾರು 80 ಲಕ್ಷ ಪೌಂಡ್ ಕಟ್ಟಬೇಕಿತ್ತು. ಬಡ್ಡಿಯೇ ದಿನಕ್ಕೆ 1,500 ಪೌಂಡ್. ಚಾರ್ಲ್ಸ್‌ನ ತಮ್ಮ ಹೆನ್ರಿಗೆ ಅದನ್ನು ತೀರಿಸುವ ದಾರಿ ಇರಲಿಲ್ಲ. ಪರಂಪರೆ ಉಳಿಸುವವರು ದನಿ ಎತ್ತಿದರು, ಪತ್ರಿಕೆಗಳು ಬರೆದವು. ಕೊನೆಗೆ 1984ರ ಬಜೆಟ್‌ನಲ್ಲಿ ಸರ್ಕಾರ ದುಡ್ಡು ತೆಗೆದಿಟ್ಟಿತು. 1985ರಲ್ಲಿ ಮನೆ, ಹಳೇ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ಕೈಸೇರಿತು.

ಟ್ರಸ್ಟ್ ಚಾವಣಿ ಸರಿ ಮಾಡಿತು, ನೀರು ಸೋರುವುದನ್ನು ನಿಲ್ಲಿಸಿತು, ಹೊಸ ಬಣ್ಣ ಮಾತ್ರ ಬಳಿಯಲಿಲ್ಲ. 1989ರಲ್ಲಿ ಜನರಿಗೆ ತೆರೆದದ್ದೂ ಹಾಗೇ. ನನ್ನ ಪ್ರಕಾರ ಇದು ತುಂಬಾ ಸರಿಯಾದ ತೀರ್ಮಾನ. ಎಲ್ಲ ಬಂಗಲೆಗಳನ್ನೂ ಅರಮನೆ ಥರ ಮಿಂಚಿಸಿದರೆ, ಈ ಮನೆತನಗಳು ಹೇಗೆ ಕುಗ್ಗಿದವು ಅನ್ನೋದು ಯಾರ ಕಣ್ಣಿಗೂ ಬೀಳುವುದಿಲ್ಲ. ಹೆನ್ರಿಗೆ ಅದೇ ಮನೆಯಲ್ಲಿ ಒಂದು ಭಾಗ ಬಿಟ್ಟುಕೊಟ್ಟರು. 1991ರಲ್ಲಿ ತೀರಿಕೊಳ್ಳುವವರೆಗೂ ಅವರು ಅಲ್ಲೇ ಇದ್ದರು.