ಯಾವ ಸ್ಕೀಮ್‌ನಲ್ಲಿ ಜಾಸ್ತಿ ಸಬ್ಸಿಡಿ ಸಿಗುತ್ತೆ ಸರ್?

ಪ್ರಶ್ನೆ: ಸರ್, ನನಗೆ 24 ವರ್ಷ. ಡಿಪ್ಲೊಮಾ ಮುಗಿಸಿ ಬೆಂಗಳೂರಲ್ಲಿ ಸ್ವಲ್ಪ ದಿನ ಕೆಲಸ ಮಾಡಿದೆ. ಈಗ ಊರಿಗೆ ವಾಪಸ್ ಬಂದಿದ್ದೇನೆ. ಇಲ್ಲೇ ಏನಾದ್ರೂ ಸ್ವಂತದ್ದು ಶುರು ಮಾಡ್ಬೇಕು. ಯಾವ ಸ್ಕೀಮ್‌ನಲ್ಲಿ ಜಾಸ್ತಿ ಸಬ್ಸಿಡಿ ಸಿಗುತ್ತೆ? ಅಮ್ಮನ ಹೆಸರಲ್ಲಿ ಹಾಕಿದ್ರೆ ಇನ್ನೂ ಜಾಸ್ತಿ ಅಂತಾರೆ, ನಿಜಾನಾ?

ಉತ್ತರ: ಸ್ವಂತ ಉದ್ಯೋಗದ ತರಬೇತಿಗೆ ಬರುವ ಹುಡುಗರಿಗೆ ಪಾಠ ಹೇಳುವುದು ನನ್ನ ಕೆಲಸ. ಪ್ರತಿ ಬ್ಯಾಚ್‌ನಲ್ಲೂ ಮೊದಲ ದಿನ ಮೊದಲು ಏಳುವ ಕೈ ಈ ಪ್ರಶ್ನೆಯದ್ದೇ. ಊರು ಬೇರೆ, ಜಾತಿ ಬೇರೆ, ಓದು ಬೇರೆ, ಪ್ರಶ್ನೆ ಮಾತ್ರ ಒಂದೇ. ಹೇಳಿ ಹೇಳಿ ಬಾಯಿ ನೋಯುತ್ತಿದೆ. ಹಾಗಾಗಿ ಇವತ್ತು ಪೂರ್ತಿಯಾಗಿ ಬರೆದುಬಿಡುತ್ತೇನೆ.

ಮೊದಲು ನೀವು ಕೇಳಿದ್ದಕ್ಕೆ ನೇರ ಉತ್ತರ. ಹಳ್ಳಿಯಲ್ಲಿ ಹೊಸದಾಗಿ ಘಟಕ ಹಾಕುವವರಿಗೆ ಪಿಎಂಇಜಿಪಿ, ಅಂದರೆ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ ಇದೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2008ರಿಂದ ನಡೆಸುತ್ತಿರುವ ಯೋಜನೆ. ಸಾಮಾನ್ಯ ವರ್ಗದ ಗಂಡಸರಿಗೆ ಹಳ್ಳಿಯಲ್ಲಿ ಯೋಜನಾ ವೆಚ್ಚದ 25% ಸಬ್ಸಿಡಿ. ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರು, ಅಲ್ಪಸಂಖ್ಯಾತರು, ಅಂಗವಿಕಲರು, ಮಾಜಿ ಸೈನಿಕರಿಗೆ 35%. 2022ರಲ್ಲಿ ನಿಯಮ ಬದಲಾದ ಮೇಲೆ ತಯಾರಿಕೆಗೆ 50 ಲಕ್ಷ, ಸೇವೆಗೆ 20 ಲಕ್ಷದವರೆಗಿನ ಯೋಜನೆ ಹಾಕಬಹುದು. ಹಪ್ಪಳ, ರೊಟ್ಟಿ, ಬೆಲ್ಲ, ಎಣ್ಣೆ ಗಾಣ ಇಂಥ ತಿನ್ನುವ ಪದಾರ್ಥದ ಘಟಕವಾದರೆ ಪಿಎಂಎಫ್‌ಎಂಇ ಇದೆ, ಸಣ್ಣ ಆಹಾರ ಘಟಕಗಳಿಗೆಂದೇ ಇರುವ ಕೇಂದ್ರದ ಯೋಜನೆ. ಅದರಲ್ಲಿ ಕೇಂದ್ರದ 35%ಕ್ಕೆ ನಮ್ಮ ರಾಜ್ಯ 15% ಸೇರಿಸುತ್ತದೆ. ಒಟ್ಟು 50%, ಗರಿಷ್ಠ 15 ಲಕ್ಷ. ಇನ್ನು ಮುದ್ರಾದಲ್ಲಿ ಸಬ್ಸಿಡಿ ಇಲ್ಲವೇ ಇಲ್ಲ. 2015ರಲ್ಲಿ ಶುರುವಾದಾಗಿನಿಂದಲೂ ಅದು ಬರೀ ಸಾಲ, ಪೂರ್ತಿ ಕಟ್ಟಬೇಕಾದ ಸಾಲ.

ಅಮ್ಮನ ಹೆಸರಿನ ವಿಷಯ ಆಮೇಲೆ ಹೇಳುತ್ತೇನೆ. ಅದಕ್ಕಿಂತ ಮುಂಚೆ ಬೇರೆ ಒಂದು ಮಾತಿದೆ.

ಸಬ್ಸಿಡಿ ಅಂದರೆ ಸರ್ಕಾರ ನಮ್ಮ ಕೈಗೆ ಕೊಡುವ ಬಂಡವಾಳ, ಅದು ಬಂದ ಮೇಲೆ ಬಿಸಿನೆಸ್ ಶುರು ಮಾಡೋದು ಅಂತ ಎಲ್ಲರೂ ನಂಬಿದ್ದಾರೆ. ಅದು ಸುಳ್ಳು. ಎಷ್ಟು ಸಲ ಹೇಳಿದರೂ ಇದೊಂದು ತಲೆಯಿಂದ ಹೋಗುವುದಿಲ್ಲ. ಆದ್ದರಿಂದ ಲೆಕ್ಕ ಹಾಕಿಯೇ ತೋರಿಸುತ್ತೇನೆ. ಪೆನ್ನು ತಗೊಳ್ಳಿ.

ಪಿಎಂಇಜಿಪಿಯಲ್ಲಿ 10 ಲಕ್ಷದ ಯೋಜನೆ, 35% ಸಬ್ಸಿಡಿ. ನಿಮ್ಮ ಕೈಯಿಂದ 5%, ಅಂದರೆ 50 ಸಾವಿರ ಹಾಕಬೇಕು. ಮಿಕ್ಕ 9.5 ಲಕ್ಷ ಬ್ಯಾಂಕ್ ಮಂಜೂರು ಮಾಡುತ್ತದೆ. ಸಬ್ಸಿಡಿಯ 3.5 ಲಕ್ಷ ಸರ್ಕಾರದಿಂದ ಬರುತ್ತದೆ, ಆದರೆ ನಿಮ್ಮ ಕೈಗಲ್ಲ. ಬ್ಯಾಂಕಿನಲ್ಲೇ ನಿಮ್ಮ ಹೆಸರಿನ ಠೇವಣಿಯಾಗಿ ಮೂರು ವರ್ಷ ಕೂರುತ್ತದೆ. ಅದನ್ನು ಮುಟ್ಟುವ ಹಾಗಿಲ್ಲ. ಅದಕ್ಕೆ ಬಡ್ಡಿ ಕೊಡುವುದಿಲ್ಲ, ಅಷ್ಟೇ ಮೊತ್ತದ ಸಾಲಕ್ಕೆ ಬಡ್ಡಿ ಹಾಕುವುದೂ ಇಲ್ಲ. ಮೂರು ವರ್ಷ ಕಳೆದ ಮೇಲೆ ಘಟಕ ನಡೆಯುತ್ತಿದೆಯಾ ಅಂತ ಬಂದು ನೋಡುತ್ತಾರೆ. ನಡೆಯುತ್ತಿದ್ದರೆ ಆ ಹಣವನ್ನು ಸಾಲಕ್ಕೆ ಜಮಾ ಮಾಡುತ್ತಾರೆ. ದುಡ್ಡನ್ನು ಬೇರೆ ಕೆಲಸಕ್ಕೆ ಬಳಸಿದ್ದರೆ ಸಬ್ಸಿಡಿ ವಾಪಸ್ ಹೋಗುತ್ತದೆ.

ಉಳಿದ 6 ಲಕ್ಷ ನಿಮ್ಮ ತಲೆ ಮೇಲಿನ ಸಾಲ. 11% ಬಡ್ಡಿ, ಐದು ವರ್ಷ ಅಂತಿಟ್ಟುಕೊಂಡರೆ ತಿಂಗಳ ಕಂತು ಸುಮಾರು 13 ಸಾವಿರ. ಈಗ ನೀವು ಅಡಿಕೆ ಹಾಳೆ ತಟ್ಟೆಯ ಘಟಕ ಹಾಕಿದ್ದೀರಿ ಅಂದುಕೊಳ್ಳಿ. ಕರೆಂಟು, ಕೂಲಿ, ಸಾಗಣೆ ಎಲ್ಲಾ ಕಳೆದು ತಟ್ಟೆಗೆ 50 ಪೈಸೆ ಉಳಿಯುತ್ತದೆ ಅಂತಿಟ್ಟುಕೊಂಡರೂ, ಕಂತಿಗೇ ತಿಂಗಳಿಗೆ 26 ಸಾವಿರ ತಟ್ಟೆ ಮಾರಬೇಕು. ಭಾನುವಾರ ಬಿಟ್ಟು ದಿನಕ್ಕೆ ಸಾವಿರ ತಟ್ಟೆ. ನಿಮ್ಮ ಊಟದ ಖರ್ಚು ಶುರುವಾಗುವುದು ಸಾವಿರದ ಒಂದನೇ ತಟ್ಟೆಯಿಂದ.

ಆ ಸಾವಿರ ತಟ್ಟೆ ಯಾರು ತಗೋತಾರೆ? ಈ ಪ್ರಶ್ನೆ ಕೇಳಿದರೆ ತರಗತಿ ಮೌನವಾಗುತ್ತದೆ.

ಇಂಥದ್ದೇ ಘಟಕದ ಪ್ರಾಜೆಕ್ಟ್ ರಿಪೋರ್ಟ್ ಹಿಡಿದುಕೊಂಡು ಒಬ್ಬ ಹುಡುಗ ಬಂದಿದ್ದ. ಸೈಬರ್ ಸೆಂಟರ್‌ನಲ್ಲಿ ದುಡ್ಡು ಕೊಟ್ಟು ಮಾಡಿಸಿದ ರಿಪೋರ್ಟು. ಚಂದದ ಬಣ್ಣದ ರಟ್ಟು, ಒಳಗೆ ಐದು ವರ್ಷದ ಲಾಭದ ಪಟ್ಟಿ. ಯಂತ್ರದ ಕೊಟೇಶನ್‌ನಲ್ಲಿ ಪೇಟೆಯ ರೇಟಿಗಿಂತ ಜಾಸ್ತಿ ಬೆಲೆ. ಯಾಕಪ್ಪಾ ಅಂದರೆ, "ಯೋಜನೆ ದೊಡ್ಡದಾದರೆ ಸಬ್ಸಿಡಿ ದೊಡ್ಡದಾಗುತ್ತೆ ಅಂತ ಅಂಗಡಿಯವರು ಹೇಳಿದ್ರು ಸರ್" ಅಂದ. ಸಬ್ಸಿಡಿ ದೊಡ್ಡದಾದಷ್ಟೂ ಸಾಲವೂ ದೊಡ್ಡದಾಗುತ್ತದೆ ಅಂತ ಮಾತ್ರ ಆ ಅಂಗಡಿಯವರು ಹೇಳಿರಲಿಲ್ಲ. ಯಂತ್ರ ಮಾರಿದ ದಿನವೇ ಅವರ ದುಡ್ಡು ಅವರಿಗೆ ಬಂದಿರುತ್ತದೆ. ಕಂತು ಕಟ್ಟುವವನು ಈ ಹುಡುಗ.

ನಾನು ಅವನನ್ನು ಕೇಳಿದ್ದು ಎರಡೇ. ಒಂದು, ಮಳೆಗಾಲದಲ್ಲಿ ಹಾಳೆ ಎಲ್ಲಿಂದ ತರ್ತೀಯಾ? ಹಾಳೆ ಹೆಚ್ಚಾಗಿ ಸಿಗುವುದು ಬೇಸಿಗೆಯಲ್ಲಿ. ಆಗಲೇ ಸಂಗ್ರಹಿಸಿ, ಚೆನ್ನಾಗಿ ಒಣಗಿಸಿ, ತೇವ ತಾಗದ ಜಾಗದಲ್ಲಿ ಪೇರಿಸಿಡಬೇಕು. ಇಲ್ಲವಾದರೆ ಬೂಸ್ಟು ಹಿಡಿಯುತ್ತದೆ. ಅಂದರೆ ಯಂತ್ರಕ್ಕಿಂತ ಮೊದಲು ಗೋದಾಮು ಬೇಕು, ಬೇಸಿಗೆಯಲ್ಲಿ ಹಾಳೆ ಕೊಳ್ಳಲು ಕೈಯಲ್ಲಿ ದುಡ್ಡು ಬೇಕು. ಆ ರಿಪೋರ್ಟಿನಲ್ಲಿ ಎರಡೂ ಇರಲಿಲ್ಲ. ಇನ್ನೊಂದು, ಕೊಳ್ಳುವವರು ಯಾರು? "ಎಕ್ಸ್‌ಪೋರ್ಟ್ ಮಾಡ್ಬಹುದು ಸರ್" ಅಂದ. 2025ರಲ್ಲಿ ಅಮೆರಿಕದ ಆಹಾರ ಇಲಾಖೆ ಅಡಿಕೆ ಹಾಳೆ ತಟ್ಟೆ ಸುರಕ್ಷಿತವಲ್ಲ ಅಂತ ತಕರಾರು ತೆಗೆಯಿತು. ಹತ್ತಿರದ ಪೇಟೆಯ ಕೇಟರಿಂಗ್‌ನವರು, ಕಲ್ಯಾಣ ಮಂಟಪದವರು ಗೊತ್ತಿದ್ದವರು ಸಾವರಿಸಿಕೊಳ್ಳಬಹುದು. ಪರದೇಶದ ಒಂದೇ ಬಾಗಿಲು ನಂಬಿದವರ ಗತಿ ಏನು? ಹುಡುಗ ಜಾಣ. ಆ ರಿಪೋರ್ಟನ್ನು ಬ್ಯಾಂಕಿಗೆ ಕೊಡದೆ ವಾಪಸ್ ತಗೊಂಡು ಹೋದ, ಮೊದಲು ಮಂಟಪಗಳನ್ನು ಸುತ್ತುತ್ತೇನೆ ಅಂದ. ಅವತ್ತು ನನಗೆ ಪಾಠ ಹೇಳಿದ್ದು ಸಾರ್ಥಕ ಅನ್ನಿಸಿತು.

ಈ ನಂಬಿಕೆಗೆ ಇನ್ನೊಂದು ಬಾಲವೂ ಇದೆ: "ಸರ್ಕಾರದ ಸಾಲ ಅಲ್ವಾ, ಮುಂದೆ ಮನ್ನಾ ಆಗುತ್ತೆ." 2018ರಲ್ಲಿ ನಮ್ಮ ರಾಜ್ಯದಲ್ಲಿ ಮನ್ನಾ ಮಾಡಿದ್ದು ರೈತರ ಬೆಳೆಸಾಲ. ಉದ್ಯಮದ ಸಾಲವಲ್ಲ. ಪಿಎಂಇಜಿಪಿ ಆಗಲಿ, ಮುದ್ರಾ ಆಗಲಿ, ದುಡ್ಡು ಬ್ಯಾಂಕಿನದ್ದು. ಕಟ್ಟದಿದ್ದರೆ ಸಿಬಿಲ್‌ನಲ್ಲಿ, ಅಂದರೆ ಯಾರು ಸಾಲ ಸರಿಯಾಗಿ ಕಟ್ಟಿದ್ದಾರೆ ಅಂತ ಬ್ಯಾಂಕುಗಳು ನೋಡುವ ದಾಖಲೆಯಲ್ಲಿ, ಹೆಸರು ಕೆಡುತ್ತದೆ. ಕಂತಿನಲ್ಲಿ ಮೊಬೈಲ್ ತಗೊಂಡು ಕೊನೆಯ ಎರಡು ಕಂತು ಬಿಟ್ಟಿದ್ದಕ್ಕೇ ಉದ್ಯಮದ ಸಾಲ ಸಿಗದೆ ಹೋದ ಹುಡುಗರನ್ನು ನೋಡಿದ್ದೇನೆ. ಅಂಥದ್ದೇನಾದರೂ ಬಾಕಿ ಇದ್ದರೆ ಇವತ್ತೇ ಕಟ್ಟಿ ಮುಗಿಸಿ.

ದುಡ್ಡು ಬೇಡ ಅಂತ ನಾನು ಹೇಳುತ್ತಿಲ್ಲ. ದುಡ್ಡು ಖಂಡಿತ ಬೇಕು. ಉತ್ತರ ಉಗಾಂಡಾದಲ್ಲಿ 2008ರಲ್ಲಿ ಸರ್ಕಾರ ಹಳ್ಳಿಯ ಯುವಕರ ಗುಂಪುಗಳಿಗೆ ಕಸುಬು ಕಲಿತು ಸಲಕರಣೆ ಕೊಳ್ಳಲು ಹಣ ಕೊಟ್ಟಿತು, ಒಬ್ಬೊಬ್ಬರ ಪಾಲಿಗೆ 400 ಡಾಲರಿನ ಹತ್ತಿರ ಹತ್ತಿರ. ಸಾಲವಲ್ಲ, ಕೊಟ್ಟೇಬಿಟ್ಟಿದ್ದು. ನಾಲ್ಕು ವರ್ಷದ ನಂತರ ಹಣ ಸಿಕ್ಕವರ ಗಳಿಕೆ ಸಿಗದವರಿಗಿಂತ 38% ಜಾಸ್ತಿ ಇತ್ತು. ಒಂಬತ್ತು ವರ್ಷದ ಹೊತ್ತಿಗೆ ಸಿಗದವರೂ ಅವರ ಸಮಕ್ಕೆ ಬಂದಿದ್ದರು. ಅಂದರೆ ಹಣ ಸಿಕ್ಕವರು ಬೇಗ ಹೊರಟರು. ಮುಂದಿನ ದಾರಿಯನ್ನು ಎರಡೂ ಕಡೆಯವರು ತಮ್ಮ ಕಾಲಲ್ಲೇ ನಡೆದರು.

ಹಾಗಾದರೆ ಏನು ಮಾಡಬೇಕು? ನಿಮ್ಮ ಜಿಲ್ಲೆಯ ಆರ್‌ಸೆಟಿಗೆ, ಅಂದರೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗೆ ಹೋಗಿ. ಇದು ನಮ್ಮ ನೆಲದಲ್ಲೇ ಹುಟ್ಟಿದ್ದು ಅನ್ನುವುದು ನನಗೆ ಹೆಮ್ಮೆ. 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ ವೀರೇಂದ್ರ ಹೆಗ್ಗಡೆಯವರ ಮುತುವರ್ಜಿಯಿಂದ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಜೊತೆ ಸೇರಿ ರುಡ್‌ಸೆಟ್ ಸಂಸ್ಥೆ ಶುರುವಾಯಿತು. ಅದನ್ನೇ ಮಾದರಿ ಮಾಡಿಕೊಂಡು ಕೇಂದ್ರ ಸರ್ಕಾರ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳಿಂದ ಆರ್‌ಸೆಟಿ ಮಾಡಿಸಿತು. ತರಬೇತಿ, ಊಟ, ವಸತಿ ಎಲ್ಲಾ ಉಚಿತ. ಮುಗಿಸಿ ಹೋದ ಮೇಲೂ ಎರಡು ವರ್ಷ ನಿಮ್ಮನ್ನು ವಿಚಾರಿಸಿಕೊಳ್ಳುತ್ತಾರೆ, ಸಾಲದ ಅರ್ಜಿಗೂ ಜೊತೆ ನಿಲ್ಲುತ್ತಾರೆ.

ಅಲ್ಲಿ ಬರೀ ಕಸುಬು ಕಲಿಸುತ್ತಾರೆ ಅಂದುಕೊಳ್ಳಬೇಡಿ. ರಿಂಗ್ ಎಸೆಯುವ ಆಟ ಆಡಿಸುತ್ತಾರೆ. ನೆಲದಲ್ಲಿ ಒಂದು ಗೂಟ, ಅದರಿಂದ ಅಡಿ ಅಡಿಗೆ ಗೆರೆ. ಎಲ್ಲಿ ನಿಂತು ಎಸೆಯಬೇಕು ಅಂತ ನೀವೇ ಆರಿಸಬೇಕು. ಹತ್ತಿರ ನಿಂತರೆ ಅಂಕ ಕಮ್ಮಿ, ದೂರ ನಿಂತರೆ ಜಾಸ್ತಿ. ಕೆಲವರು ಗೂಟಕ್ಕೆ ಅಂಟಿಕೊಂಡೇ ನಿಲ್ಲುತ್ತಾರೆ. ಕೆಲವರು ಗೆಳೆಯರ ಮುಂದೆ ಜಂಬಕ್ಕೆ ಕೊನೆಯ ಗೆರೆಗೆ ಹೋಗಿ ಎಲ್ಲವನ್ನೂ ತಪ್ಪಿಸುತ್ತಾರೆ. ಮೂರನೆಯವರು ನಡುವೆ ನಿಂತು ಒಂದು ಎಸೆದು ನೋಡುತ್ತಾರೆ. ತಪ್ಪಿದರೆ ಒಂದು ಹೆಜ್ಜೆ ಮುಂದೆ, ಬಿದ್ದರೆ ಒಂದು ಹೆಜ್ಜೆ ಹಿಂದೆ. ಸಾಲ ಎಷ್ಟು ತಗೋಬೇಕು ಅನ್ನುವುದನ್ನು ನಾನು ಈ ಆಟ ಮುಗಿದ ಮೇಲೇ ಹೇಳುವುದು. ಆಗ ಯಾರೂ ಸಬ್ಸಿಡಿ ಎಷ್ಟು ಅಂತ ಕೇಳುವುದಿಲ್ಲ. ಈ ಆಟದ ಬೇರು ಅಮೆರಿಕದ ಮನಃಶಾಸ್ತ್ರಜ್ಞ ಡೇವಿಡ್ ಮ್ಯಾಕ್ಲೆಲೆಂಡ್ ಮಾಡಿದ ಕೆಲಸದಲ್ಲಿದೆ. 1960ರ ದಶಕದಲ್ಲಿ ಆಂಧ್ರದ ಕಾಕಿನಾಡದ ವ್ಯಾಪಾರಿಗಳಿಗೆ ಇಂಥ ತರಬೇತಿ ಕೊಟ್ಟು ನೋಡಿದವರು ಅವರೇ. ಇತ್ತೀಚೆಗೆ ಆಫ್ರಿಕಾದ ಟೋಗೋದಲ್ಲಿ ಸುಮಾರು 1,500 ಸಣ್ಣ ವ್ಯಾಪಾರಿಗಳ ಮೇಲೆ ಮಾಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ತಾನಾಗಿ ಮುಂದೆ ಬಂದು ಕೆಲಸ ಹುಡುಕುವ ಮನೋಭಾವ ಕಲಿತವರ ಲಾಭ 30% ಏರಿತ್ತು. ಲೆಕ್ಕಪತ್ರದಂಥ ಮಾಮೂಲಿ ಪಾಠ ಕಲಿತವರಲ್ಲಿ ಅಂಥ ಏರಿಕೆ ಕಾಣಲಿಲ್ಲ.

ತರಬೇತಿಗೆ ಹೋಗುವ ಮುಂಚೆಯೇ ಒಂದು ಕೆಲಸ ಮಾಡಬಹುದು. ನೀವು ಮಾರಬೇಕು ಅಂತಿರುವುದನ್ನು ಕೊಳ್ಳಬಹುದಾದ ಹತ್ತು ಜನರ ಹತ್ತಿರ ಹೋಗಿ ಮಾತಾಡಿ. ಈಗ ಯಾರಿಂದ ತಗೋತಿದ್ದಾರೆ, ಎಷ್ಟಕ್ಕೆ, ಉದ್ರಿ ಎಷ್ಟು ದಿನ, ಏನು ತೊಂದರೆ ಅಂತ ಕೇಳಿ ಬರೆದುಕೊಳ್ಳಿ. ಸ್ಯಾಂಪಲ್ ತೋರಿಸಿ. ಒಂದು ಎಚ್ಚರಿಕೆ: ಪಿಎಂಇಜಿಪಿ ಹೊಸ ಘಟಕಕ್ಕೆ ಮಾತ್ರ. ಈಗಾಗಲೇ ನಡೆಯುತ್ತಿರುವ ಘಟಕಕ್ಕೆ ಮೊದಲ ಸಾಲ ಸಿಗುವುದಿಲ್ಲ. ಹಾಗಾಗಿ ವಿಚಾರಿಸೋದು, ಸ್ಯಾಂಪಲ್ ತೋರಿಸೋದು ಮುಗಿದ ಮೇಲೆ ಬ್ಯಾಂಕಿಗೆ ಹೋಗಿ, ಆಮೇಲೆ ಘಟಕ ಹಾಕಿ. ಚಿಕ್ಕದಾಗಿ ಸಾಕು ಅಂತ ಅನ್ನಿಸಿದರೆ ಮುದ್ರಾದ ಶಿಶು ಸಾಲ 50 ಸಾವಿರದವರೆಗೆ ಇದೆ, ಅಡಮಾನ ಬೇಕಿಲ್ಲ. ಅರ್ಜಿ ಹಾಕಲು ದಲ್ಲಾಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಪಿಎಂಇಜಿಪಿ ಪೋರ್ಟಲ್‌ನಲ್ಲಿ ಅರ್ಜಿ ಉಚಿತ, ಸಣ್ಣ ಉದ್ಯಮಗಳಿಗೆ ಸರ್ಕಾರದ ಉದ್ಯಮ್ ನೋಂದಣಿಯೂ ಉಚಿತ.

ಈಗ ಅಮ್ಮನ ಹೆಸರು. ನೀವು ಹಿಂದುಳಿದ ವರ್ಗದವರೋ ಪರಿಶಿಷ್ಟರೋ ಆಗಿದ್ದರೆ ನಿಮ್ಮ ಹೆಸರಲ್ಲೇ 35% ಇದೆ, ಅಮ್ಮನನ್ನು ಎಳೆಯುವ ಅಗತ್ಯವೇ ಇಲ್ಲ. ಸಾಮಾನ್ಯ ವರ್ಗವಾದರೆ 10% ವ್ಯತ್ಯಾಸ ಬರುತ್ತದೆ, ನಿಜ. ಆದರೆ ಸಾಲ ಅಮ್ಮನದ್ದಾಗುತ್ತದೆ. ನೋಟಿಸ್ ಅಮ್ಮನಿಗೆ ಬರುತ್ತದೆ. ಸಂಘದಲ್ಲಿ ಅವರು ಕಷ್ಟಪಟ್ಟು ಉಳಿಸಿಕೊಂಡ ಒಳ್ಳೆಯ ಹೆಸರು ನಿಮ್ಮ ವ್ಯಾಪಾರದ ಮೇಲೆ ನಿಂತುಬಿಡುತ್ತದೆ. ಅಮ್ಮನೇ ದುಡಿಯುತ್ತಾರೆ, ಅಮ್ಮನೇ ಲೆಕ್ಕ ನೋಡುತ್ತಾರೆ ಅಂದರೆ ಧಾರಾಳವಾಗಿ ಹಾಕಿ. ಇಲ್ಲವಾದರೆ ಬೇಡ.

ನೀವು ಕೇಳದ ಇನ್ನೊಂದು ವಿಷಯ ಹೇಳಬೇಕು, ತುಂಬಾ ದಿನದಿಂದ ಮನಸ್ಸಲ್ಲಿದೆ. ಅಮ್ಮನ ಹೆಸರು, ಹೆಂಡತಿ ಹೆಸರು ಅಂತ ಕೇಳುವ ಹುಡುಗರು ಬೇಕಾದಷ್ಟು. "ನನ್ನ ತಂಗಿ ಏನೋ ಶುರು ಮಾಡ್ಬೇಕು ಅಂತಿದ್ದಾಳೆ, ಅವಳಿಗೆ ಏನಿದೆ ಸರ್" ಅಂತ ಕೇಳಿದವರು ಇಲ್ಲವೇ ಇಲ್ಲ ಅನ್ನಬಹುದು. ಮದುವೆಯಾಗಿ ಬೇರೆ ಊರಿಗೆ ಹೋಗುವವಳು, ಅವಳಿಗ್ಯಾಕೆ ಬಂಡವಾಳ ಅನ್ನುವುದು ಮನೆಯವರ ಲೆಕ್ಕ. ಹೊಲಿಗೆ ಕಲಿತ ಹುಡುಗಿ ಮದುವೆಯಾದರೆ ಮೆಷಿನ್ ಜೊತೆಗೆ ಹೋಗುತ್ತದೆ, ಗಿರಾಕಿಗಳು ಹೋಗುವುದಿಲ್ಲ, ಅದು ನಿಜ. ಆದರೆ ಅಳತೆ ತೆಗೆಯುವ ಕೈ, ಗಿರಾಕಿ ಹತ್ತಿರ ಮಾತಾಡುವ ಧೈರ್ಯ, ಬ್ಯಾಂಕಿನಲ್ಲಿ ಅವಳದೇ ಖಾತೆ, ಕಟ್ಟಿ ಮುಗಿಸಿದ ಸಾಲದ ದಾಖಲೆ ಎಲ್ಲವೂ ಜೊತೆಗೇ ಹೋಗುತ್ತವೆ. ಹೊಸ ಊರಿನಲ್ಲಿ ಎರಡನೇ ಸಾಲ ಕೇಳಲು ಅವಳಿಗೆ ಅಷ್ಟು ಸಾಕು. ಹೊಲಿಗೆ, ಬ್ಯೂಟಿ ಪಾರ್ಲರ್, ಬೇಕರಿ ತಿಂಡಿ, ಆರಿ ಕಸೂತಿ ಇವೆಲ್ಲ ಗಂಟು ಕಟ್ಟಿಕೊಂಡು ಹೋಗಬಹುದಾದ ಕಸುಬುಗಳು. ದೊಡ್ಡ ಯಂತ್ರ ಹಾಕಿ ನೆಲಕ್ಕೆ ಕಟ್ಟಿಕೊಳ್ಳುವ ಕಸುಬಿಗಿಂತ ಇವು ಅವಳಿಗೆ ಮೊದಲು ಒದಗುತ್ತವೆ.

ನಿಮ್ಮ ಮನೆಯಲ್ಲಿ 18 ತುಂಬಿದ ತಂಗಿಯೋ ಅಕ್ಕನೋ ಇದ್ದರೆ ಅವರನ್ನೂ ಒಂದು ಮಾತು ಕೇಳಿ. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್, ಫೋಟೋ ಇಟ್ಟುಕೊಂಡು ಮುಂದಿನ ಬ್ಯಾಚ್‌ಗೆ ಇಬ್ಬರ ಅರ್ಜಿಯನ್ನೂ ಒಟ್ಟಿಗೇ ಕೊಟ್ಟು ಬನ್ನಿ.